ಸಂಪುಟ 1, ಸಂಚಿಕೆ 1

ಎರಡು ವರ್ಷದ ಹಿಂದೆ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಅಡಿಕೆಯ ತೇವಾಂಶ ಅಳೆಯುವ ಒಂದು ಪುಟ್ಟ ಮೀಟರ್. ನಾಲ್ಕು ಜನರ ತಂಡ. ಮೂವರ ಮನೆಯಲ್ಲಿ ತೋಟ ಉಂಟು. ನಾಲ್ಕನೆಯವನದ್ದು ಬಂಟ್ವಾಳ ಪೇಟೆಯೊಳಗಿನ ಮನೆ, ಅವನಿಗೂ ಅಡಿಕೆಗೂ ಸಂಬಂಧ ಇಲ್ಲ, ಆದರೆ ಕೋಡ್ ಪೂರ್ತಿ ಅವನದ್ದೇ. ಐಡಿಯಾ ಹೊಸತೇನಲ್ಲ. ಎರಡು ತಗಡುಗಳ ನಡುವೆ ಅಡಿಕೆ ಇಟ್ಟರೆ ಅದೊಂದು ಕೆಪಾಸಿಟರ್. ಒಳಗೆ ನೀರು ಹೆಚ್ಚಿದ್ದಷ್ಟೂ ಕೆಪಾಸಿಟೆನ್ಸ್ ಹೆಚ್ಚು. ಓವನ್‌ನಲ್ಲಿ ಒಣಗಿಸಿ, ತೂಗಿ, ಮತ್ತೆ ಒಣಗಿಸಿ, ಮತ್ತೆ ತೂಗಿ, ಯಾವ ತೇವಾಂಶಕ್ಕೆ ಎಷ್ಟು ಪಿಕೊಫ್ಯಾರಡ್ ಎಂಬ ಟೇಬಲ್ ಮಾಡಿದೆವು. ಆ ಟೇಬಲ್ ಒಂದೇ ನಮ್ಮ ಕೆಲಸದ ಅಸಲು ಬಂಡವಾಳ. ಉಳಿದದ್ದೆಲ್ಲ ಡಬ್ಬ ಮತ್ತು ವಯರು.

ಪೇಪರ್ ಪಬ್ಲಿಷ್ ಆದರೆ ರೆಸ್ಯೂಮೆಗೆ ಒಳ್ಳೆಯದು ಅಂತ ಸೀನಿಯರ್‌ಗಳು ಹೇಳಿದ್ದರು. ಅದೇ ಹೊತ್ತಿಗೆ ಸರಿಯಾಗಿ ಒಂದು ಮೇಲ್ ಬಂತು. ನಿಮಗೂ ಬಂದಿರಬಹುದು, 'ಗ್ರೀಟಿಂಗ್ಸ್ ಆಫ್ ದಿ ಡೇ' ಅಂತ ಶುರುವಾಗುವ ಜಾತಿ. ಹೊಸ ಅಂತರಶಿಸ್ತೀಯ ಅಂತಾರಾಷ್ಟ್ರೀಯ ಜರ್ನಲ್, ಸಂಪುಟ 1, ಸಂಚಿಕೆ 1, ಇಂಪ್ಯಾಕ್ಟ್ ಫ್ಯಾಕ್ಟರ್ 6.8, ಐಎಸ್‌ಎಸ್‌ಎನ್ ಇದೆ, ₹1,500 ಕೊಟ್ಟರೆ ಸಾಕು. ಸೋಮವಾರ ಕಳಿಸಿದೆವು. ಬುಧವಾರ ರಿವ್ಯೂ ಬಂತು, ಎರಡೇ ಶಬ್ದ: 'ಎಕ್ಸಲೆಂಟ್ ವರ್ಕ್'. ಗುರುವಾರ ಪಬ್ಲಿಷ್. ನಾಲ್ಕು ಬಣ್ಣದ ಸರ್ಟಿಫಿಕೇಟ್ ನಾಲ್ಕು ಜನರಿಗೂ.

ಒಂದು ವರ್ಷ ಕಳೆದ ಮೇಲೆ ಬೇರೊಂದು ಕಾಲೇಜಿನ ಹುಡುಗ ಫೋನ್ ಮಾಡಿದ. ನಮ್ಮ ಪೇಪರಿನ ಟೇಬಲ್ 3 ನೋಡಿ ಅವರು ಒಂದು ಡ್ರೈಯರ್ ಮಾಡಿದ್ದಾರಂತೆ; ತೇವಾಂಶ 12 ಶೇಕಡಾ ತಲುಪಿದ ಕೂಡಲೇ ಆಫ್ ಆಗುವಂಥದ್ದು. ಆಫ್ ಆಯಿತು, ಚೀಲಕ್ಕೆ ತುಂಬಿದರು, ಚೀಲಕ್ಕೆ ಚೀಲವೇ ಬೂಷ್ಟು ಹಿಡಿಯಿತು. ಅಡಿಕೆ ಅವನ ಅಜ್ಜನದ್ದು. 'ಅಣ್ಣ, ನಮ್ಮದೇ ಸರ್ಕ್ಯೂಟ್ ತಪ್ಪಿರಬೇಕು ಅಲ್ವಾ?' ಅಂತ ಕೇಳಿದ. ಫೋನ್ ಇಟ್ಟು ಪೇಪರ್ ತೆರೆದು ನೋಡಿದೆ. ಎಕ್ಸೆಲ್‌ನಿಂದ ಟೆಂಪ್ಲೇಟಿಗೆ ಕಾಪಿ ಮಾಡುವಾಗ ಕೆಪಾಸಿಟೆನ್ಸ್‌ನ ಕಾಲಂ ಒಂದು ಸಾಲು ಕೆಳಗೆ ಜಾರಿತ್ತು. 15 ಶೇಕಡಾದ ಅಂಕಿ 12ರ ಎದುರು ಕೂತಿದೆ, 12ರದ್ದು 9ರ ಎದುರು. ಕಾಲಮ್ಮಿನ ಮೊದಲ ಖಾನೆ ಖಾಲಿ! ಓದುವುದೇ ಬೇಡ, ಸುಮ್ಮನೆ ನೋಡಿದರೂ ಕಾಣುವ ಖಾಲಿ ಖಾನೆ. ನಾವು ನಾಲ್ವರು ನೋಡಲಿಲ್ಲ. 'ಎಕ್ಸಲೆಂಟ್' ಅಂದವರೂ ನೋಡಲಿಲ್ಲ.

ತಪ್ಪು ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತಿನಿಂದ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಜರ್ನಲ್ ಅಂದರೆ ಎಂತದು? ಪಿಡಿಎಫ್ ಅನ್ನು ನೆಟ್‌ಗೆ ಹಾಕುವುದಕ್ಕೆ ನಮಗೇ ಬರುತ್ತದೆ. ಅದಕ್ಕಿಂತ ಹೆಚ್ಚಿನದು ಏನಿದ್ದರೆ ಅದನ್ನು ಜರ್ನಲ್ ಅನ್ನಬಹುದು? ಹಳೆಯ ಜರ್ನಲ್ ನೋಡಿದರೆ ಗೊತ್ತಾಗುವುದಿಲ್ಲ, ಅದಕ್ಕೆ ಹೆಸರು, ಶ್ರೇಯಾಂಕ, ಕಟ್ಟಡ ಎಲ್ಲ ಉಂಟು. ಮೊದಲ ವರ್ಷದಲ್ಲಿ, ಏನೂ ಇಲ್ಲದಿದ್ದಾಗ ಅದರ ಬಳಿ ಏನಿತ್ತು ಅಂತ ನೋಡಬೇಕು. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮದೇ ರಾಜ್ಯದ ಒಂದು ಸಂಪುಟ 1, ಸಂಚಿಕೆ 1: 1932ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್'.

ಬೇಕಲದ ಕೋಟೆಯಲ್ಲಿ ನಿಂತ ಸಂಪಾದಕ

ಅದಕ್ಕೆ ಮೊದಲು ಸ್ವಲ್ಪ ಹಿಂದೆ ಹೋಗಬೇಕು. ವಿಜ್ಞಾನದ ಪತ್ರಿಕೆಗಳು 1665ರಲ್ಲಿ ಶುರುವಾದವು. ಪ್ಯಾರಿಸ್‌ನಲ್ಲಿ ಒಂದು, ಎರಡು ತಿಂಗಳ ಅಂತರದಲ್ಲಿ ಲಂಡನ್ನಿನಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್'. ಆದರೆ 'ಕರೆಂಟ್ ಸೈನ್ಸ್'ಗೆ ಮಾದರಿಯಾದದ್ದು ಅದಕ್ಕಿಂತ ಇನ್ನೂರು ವರ್ಷ ಈಚಿನ 'ನೇಚರ್'. ಅದರ ಮೊದಲ ಸಂಚಿಕೆ 1869ರ ನವೆಂಬರ್ 4ರಂದು ಬಂತು. ಸಂಪಾದಕ ನಾರ್ಮನ್ ಲಾಕಿಯರ್, ಸೂರ್ಯನ ಬೆಳಕಿನಲ್ಲಿ ಹೀಲಿಯಂನ ಗುರುತು ಹಿಡಿದವರಲ್ಲಿ ಒಬ್ಬ. ಈ ಮನುಷ್ಯ ಪತ್ರಿಕೆ ಶುರುವಾದ ಎರಡೇ ವರ್ಷಕ್ಕೆ ನಮ್ಮ ಕಡೆ ಬಂದಿದ್ದ. 1871ರ ಡಿಸೆಂಬರ್ 12ರ ಖಗ್ರಾಸ ಸೂರ್ಯಗ್ರಹಣ ನೋಡಲಿಕ್ಕೆ ದೂರದರ್ಶಕಗಳ ಸಮೇತ ಬೇಕಲದ ಕೋಟೆಯಲ್ಲಿ ಬೀಡುಬಿಟ್ಟ. ಬೇಕಲ ಆಗ ದಕ್ಷಿಣ ಕೆನರಾ ಜಿಲ್ಲೆಯಲ್ಲೇ ಇತ್ತು. ನಾವೆಲ್ಲ ಅಲ್ಲಿ ಸೆಲ್ಫಿ ತೆಗೆದು ಬಂದಿದ್ದೇವೆ, ಅಲ್ಲಿ ನಿಂತು ಸೂರ್ಯನನ್ನು ಅಳೆದವರ ಸುದ್ದಿ ಯಾರೂ ಹೇಳಲಿಲ್ಲ.

'ನೇಚರ್' ಬಗ್ಗೆ ಒಂದು ವಿಷಯ ನೆನಪಿಡಿ. ಇವತ್ತು ಅದರಲ್ಲಿ ಒಂದು ಪೇಪರ್ ಬಂದರೆ ಜೀವನ ಸಾರ್ಥಕ ಅನ್ನುತ್ತಾರೆ, ಆದರೆ ಮೊದಲ ಸುಮಾರು ಮೂವತ್ತು ವರ್ಷ ಅದು ನಷ್ಟದಲ್ಲೇ ನಡೆಯಿತು. ಪ್ರಕಾಶಕರಾದ ಮ್ಯಾಕ್‌ಮಿಲನ್‌ನವರು ಕೈಯಿಂದ ಹಾಕಿ ನಡೆಸಿದರು. ನಮಗೆ ಮೇಲ್ ಕಳಿಸಿದ ಜರ್ನಲ್ ಮೊದಲ ವಾರದಲ್ಲೇ ಲಾಭದಲ್ಲಿತ್ತು.

ಭಾರತದವರಿಗೆ ತಮ್ಮದೇ ಪತ್ರಿಕೆ ಯಾಕೆ ಬೇಕಾಯಿತು? 1928ರ ಕಥೆ ಕೇಳಿದರೆ ತಿಳಿಯುತ್ತದೆ. ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್‌ರಿಗೆ ಚದುರಿದ ಬೆಳಕಿನಲ್ಲಿ ಬಣ್ಣ ಬದಲಾಗುವುದು ಖಚಿತವಾಯಿತು. ಅದೇ ತಿಂಗಳು ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಕಾಣುತ್ತಿದ್ದರು. ರಾಮನ್ 'ನೇಚರ್'ಗೆ ಪತ್ರ ಬರೆದರು, ಆದರೆ ಅಷ್ಟಕ್ಕೇ ಕೂರಲಿಲ್ಲ. ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ಭಾಷಣ ಮಾಡಿದರು. ಆ ಭಾಷಣವನ್ನು ತಾವೇ 1926ರಲ್ಲಿ ಶುರು ಮಾಡಿದ್ದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅದೇ ತಿಂಗಳು ಅಚ್ಚು ಹಾಕಿಸಿ, ಪ್ರತಿಗಳನ್ನು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿಬಿಟ್ಟರು. ರಷ್ಯಾದವರ ಲೇಖನ ಹೊರಬರುವಾಗ ಜುಲೈ. ನೊಬೆಲ್ 1930ರಲ್ಲಿ ರಾಮನ್ ಒಬ್ಬರಿಗೇ ಬಂತು. ಇದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಈಗಲೂ ಉಂಟು, ಅದು ಬೇರೆ ಮಾತು. ನಮಗೆ ಬೇಕಾದದ್ದು ಇಷ್ಟೇ: ಲ್ಯಾಬಿನ ಪಕ್ಕದಲ್ಲೇ ಒಂದು ಪತ್ರಿಕೆ, ಒಂದು ಅಚ್ಚಿನ ಮನೆ ಇದ್ದದ್ದು ಅವತ್ತು ಕೆಲಸಕ್ಕೆ ಬಂತು.

ಆದರೆ ಅದು ಭೌತಶಾಸ್ತ್ರಕ್ಕೆ ಮಾತ್ರ. ಭತ್ತದ ರೋಗ ನೋಡುವವರು, ಮಣ್ಣು ಪರೀಕ್ಷೆ ಮಾಡುವವರು, ಕಪ್ಪೆ ಕಡಿಯುವವರು, ನಕ್ಷತ್ರ ನೋಡುವವರು ಸಣ್ಣದೊಂದು ಸಂಗತಿ ಕಂಡರೆ ಅದನ್ನು ಲಂಡನ್ನಿಗೆ ಹಡಗಿನ ಟಪಾಲಿನಲ್ಲಿ ಕಳಿಸಿ ಕಾಯಬೇಕು. ಉತ್ತರ ಬರುವಾಗ ಒಂದು ಮಳೆಗಾಲವೇ ಮುಗಿದಿರುತ್ತದೆ.

ಕಪ್ಪೆ ಮೇಷ್ಟ್ರ ಪತ್ರಿಕೆ

1932ರ ಜನವರಿಯಲ್ಲಿ ಇಂಡಿಯನ್ ಸೈನ್ಸ್ ಕಾಂಗ್ರೆಸ್ ಬೆಂಗಳೂರಿನಲ್ಲಿ ನಡೆಯಿತು. ಅದೇ ವರ್ಷದ ಜುಲೈಯಲ್ಲಿ 'ಕರೆಂಟ್ ಸೈನ್ಸ್' ಹೊರಬಂತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಬೆಂಗಳೂರಿನವರು ಕರೆಯುವ ಐಐಎಸ್‌ಸಿಯ ವಿಜ್ಞಾನಿಗಳು, ಸೆಂಟ್ರಲ್ ಕಾಲೇಜಿನ ಮೇಷ್ಟ್ರುಗಳು ಇದರ ಹಿಂದೆ ನಿಂತವರು. ಆಮೇಲೆ ಮೈಸೂರಿನ ಸಿಎಫ್‌ಟಿಆರ್‌ಐಗೆ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅಂಥವರಲ್ಲಿ ಒಬ್ಬರು. ರಾಮನ್ ಆಗಿನ್ನೂ ಕೋಲ್ಕತ್ತದಲ್ಲೇ ಇದ್ದರು. ಐಐಎಸ್‌ಸಿಗೆ ನಿರ್ದೇಶಕರಾಗಿ ಬಂದದ್ದು ಮರುವರ್ಷ. ಮೊದಲ ಸಂಪಾದಕ ಸಿ.ಆರ್. ನಾರಾಯಣ ರಾವ್, ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರು. ಜೀವನಪೂರ್ತಿ ನೋಡಿದ್ದು ಪಶ್ಚಿಮಘಟ್ಟದ ಕಪ್ಪೆಗಳನ್ನು.

ಸೆಂಟ್ರಲ್ ಕಾಲೇಜಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ನಾವು ಕನ್ನಡ ಸಂಘದವರಾದ್ದರಿಂದ. ಅಲ್ಲೇ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಬಂದ ಮೊದಲ ಪತ್ರಿಕೆ ಅದು. ಎರಡು ವರ್ಷ ನಡೆದು ನಿಂತುಹೋಯಿತು. ಮರುವರ್ಷ, 1919ರಲ್ಲಿ, ಅದೇ ಕಾಲೇಜಿನ ಕರ್ನಾಟಕ ಸಂಘ 'ಪ್ರಬುದ್ಧ ಕರ್ನಾಟಕ' ಶುರು ಮಾಡಿತು. ಹದಿನಾಲ್ಕು ವರ್ಷದೊಳಗೆ ಒಂದೇ ಕಾಲೇಜಿನವರ ಕೈಯಿಂದ ಮೂರು ಪತ್ರಿಕೆ! ನಮ್ಮ ಸಂಘಕ್ಕೆ ವರ್ಷಕ್ಕೊಂದು ಸಂಚಿಕೆ ತರಲು ಎಷ್ಟು ಸಲ ವಾಟ್ಸ್ಆ್ಯಪ್‌ನಲ್ಲಿ ನೆನಪಿಸಬೇಕು ಅಂತ ನಿಮಗೆ ಗೊತ್ತೇ ಉಂಟು.

'ಕರೆಂಟ್ ಸೈನ್ಸ್' ಬೆಳೆಯಿತು ಎಂದರೆ 'ವಿಜ್ಞಾನ'ಕ್ಕಿಂತ ಅದು ಮೇಲು ಎಂದಲ್ಲ. ಓದುಗ ಬೇರೆ, ಭಾಷೆ ಬೇರೆ, ಉದ್ದೇಶ ಬೇರೆ. ಕನ್ನಡದಲ್ಲಿ ಆ ಕೆಲಸ ಗಟ್ಟಿಯಾಗಿ ನಿಲ್ಲುವಾಗ 1978 ಬಂದಿತ್ತು: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'. ಅದನ್ನು ಸಂಪಾದಿಸಿದವರಲ್ಲಿ ನಮ್ಮ ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕೃಷ್ಣ ಭಟ್ಟರೂ ಒಬ್ಬರು. ಶಾಲೆಯ ಲೈಬ್ರರಿಯಲ್ಲಿ ಅದನ್ನು ಓದಿಯೇ ಈ ಕಡೆ ಬಂದವರು ನಮ್ಮಲ್ಲಿ ಕೆಲವರಾದರೂ ಇದ್ದೀರಿ.

ಸರಿ, 1932ಕ್ಕೆ ಬರುವ. ಆ ವರ್ಷವೇ ವಿಚಿತ್ರ. ಫೆಬ್ರವರಿಯಲ್ಲಿ ಚಾಡ್ವಿಕ್ ನ್ಯೂಟ್ರಾನ್ ಇದೆ ಎಂದು 'ನೇಚರ್'ಗೆ ಪತ್ರ ಬರೆದ. ಏಪ್ರಿಲ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಿಂದ ಪರಮಾಣು ಒಡೆದರು. ಆಗಸ್ಟ್‌ನಲ್ಲಿ ಆಂಡರ್ಸನ್‌ಗೆ ಪಾಸಿಟ್ರಾನ್ ಕಂಡಿತು. ಇತ್ತ ಜಗತ್ತೆಲ್ಲ ಆರ್ಥಿಕ ಕುಸಿತ. ಅಂಥ ಹೊತ್ತಿನಲ್ಲಿ ತಿಂಗಳಿಗೊಂದು ಸಂಚಿಕೆ ತರುತ್ತೇವೆ ಅಂತ ಹೊರಟವರಿಗೆ ಸಂಪಾದಕೀಯ, ಸಂಪಾದಕರಿಗೆ ಪತ್ರ, ಸಂಶೋಧನಾ ಟಿಪ್ಪಣಿ, ಪುಸ್ತಕ ವಿಮರ್ಶೆ, ವಿಜ್ಞಾನದ ಸುದ್ದಿ, ಎಲ್ಲವೂ ತುಂಬಬೇಕು.

ಇದರಲ್ಲಿ 'ಸಂಪಾದಕರಿಗೆ ಪತ್ರ' ಎಂಬುದನ್ನು ಪೇಪರಿನ ದೂರು ಕಾಲಂ ಅಂತ ತಿಳಿಯಬೇಡಿ. ಅದೇ ಪತ್ರಿಕೆಯ ಜೀವ. ಹೊಸದಾಗಿ ಕಂಡದ್ದನ್ನು ಒಂದೆರಡು ಪ್ಯಾರಾದಲ್ಲಿ ಹೇಳಿ, ಹೆಸರು, ಲ್ಯಾಬಿನ ವಿಳಾಸ, ತಾರೀಕು ಹಾಕಿ ಕಳಿಸುವುದು. ತಪ್ಪಿದ್ದರೆ ಮುಂದಿನ ತಿಂಗಳು ಇನ್ನೊಬ್ಬ ಅದೇ ಪುಟದಲ್ಲಿ ಬರೆಯುತ್ತಾನೆ. ಸಸ್ಯಶಾಸ್ತ್ರದವನ ಪತ್ರದ ಪಕ್ಕದಲ್ಲೇ ರಸಾಯನಶಾಸ್ತ್ರದವನ ಪತ್ರ. ಅಂತರಶಿಸ್ತೀಯ ಎಂದರೆ ಅವರಿಗೆ ಪಕ್ಕದ ಮನೆಯವನ ಅಂಗಳ ಕಾಣುವ ಹಾಗೆ ಬೇಲಿ ಗಿಡ್ಡ ಇರುವುದು. ನಮಗೆ ಮೇಲ್ ಕಳಿಸಿದವರ ಅರ್ಥದಲ್ಲಿ ಅಂತರಶಿಸ್ತೀಯ ಎಂದರೆ ಮೆಕ್ಯಾನಿಕಲ್, ಎಂಬಿಎ, ಆಯುರ್ವೇದ ಯಾರೇ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದು.

ಆಗ ಪಿಯರ್ ರಿವ್ಯೂ ಇತ್ತೇ? ಈಗಿನ ಅರ್ಥದಲ್ಲಿ ಬಹಳ ಕಡೆ ಇರಲಿಲ್ಲ. 'ನೇಚರ್' ಕೂಡ ಹೊರಗಿನವರ ಪರಿಶೀಲನೆಯನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. 1936ರಲ್ಲಿ 'ಫಿಸಿಕಲ್ ರಿವ್ಯೂ' ಐನ್‌ಸ್ಟೈನರ ಒಂದು ಲೇಖನವನ್ನು ಹೊರಗಿನವರಿಗೆ ಓದಲು ಕೊಟ್ಟಾಗ ಅವರು ಸಿಟ್ಟಾಗಿ ವಾಪಸ್ ತೆಗೆದುಕೊಂಡರು. ಗುರುತ್ವ ಅಲೆಗಳು ಇಲ್ಲ ಎಂದು ಅವರು ವಾದಿಸಿದ್ದರು. ಓದಿದವರು ತಪ್ಪು ಹಿಡಿದದ್ದು ಸರಿಯಾಗಿತ್ತು. ಕೊನೆಗೆ ತಿದ್ದಿದ ರೂಪ ಬೇರೊಂದು ಪತ್ರಿಕೆಯಲ್ಲಿ ಬಂತು. ಬೆಂಗಳೂರಿನ ಹೊಸ ಪತ್ರಿಕೆಗೆ ಮೊದಲ ವರ್ಷ ರ‍್ಯಾಂಕ್ ಇರಲಿಲ್ಲ, ಐಎಸ್‌ಎಸ್‌ಎನ್ ಇರಲಿಲ್ಲ, ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಶಬ್ದವೇ ಹುಟ್ಟಿರಲಿಲ್ಲ. ಇದ್ದದ್ದು ಹೆಸರುಗಳು ಮಾತ್ರ. ಪತ್ರಿಕೆಯಲ್ಲಿ ತಪ್ಪು ಬಂದರೆ ಸೆಂಟ್ರಲ್ ಕಾಲೇಜಿಗೆ ಹೋಗಿ, ಸ್ಟಾಫ್ ರೂಮಿನ ಬಾಗಿಲು ತಟ್ಟಿ, 'ಎಂಥ ಸ್ವಾಮಿ ಇದು?' ಅಂತ ಕೇಳಬಹುದಾದ ಹೆಸರುಗಳು. ಹೊಸ ಜರ್ನಲ್ಲಿನ ಬಂಡವಾಳ ಇದೊಂದೇ ಅಂತ ನನಗೆ ಈಗ ಅನ್ನಿಸುವುದು. ಉಳಿದದ್ದೆಲ್ಲ ಆಮೇಲೆ ಬರುತ್ತದೆ, ಅಥವಾ ಬರುವುದಿಲ್ಲ.

ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಬೇಕೆಂಬ ಚರ್ಚೆ 1933ರಲ್ಲಿ ಇದೇ ಪುಟಗಳಲ್ಲಿ ನಡೆಯಿತು. ಆಮೇಲೆ ಅದು ಜಗಳವೂ ಆಯಿತು. ಬೆಂಗಳೂರಿನಲ್ಲಿ ರಾಮನ್ 1934ರಲ್ಲಿ ಒಂದು ಕಟ್ಟಿದರು, ಕೋಲ್ಕತ್ತದಲ್ಲಿ 1935ರಲ್ಲಿ ಇನ್ನೊಂದು ಬಂತು, ಅಲಹಾಬಾದಿನಲ್ಲಿ ಮೊದಲೇ ಒಂದಿತ್ತು. ದೊಡ್ಡವರೂ ಜಗಳ ಆಡುತ್ತಾರೆ, ನಮ್ಮ ಫೆಸ್ಟ್ ಕಮಿಟಿಯ ಹಾಗೆಯೇ. ನಮಗೆ ಮುಖ್ಯವಾದದ್ದು ಬೆಂಗಳೂರಿನ ಅಕಾಡೆಮಿ ಹೊರತಂದ 'ಪ್ರೊಸೀಡಿಂಗ್ಸ್'. ಯಾಕೆಂದರೆ ನಾರಾಯಣ ರಾಯರು ತಮ್ಮ ಕಪ್ಪೆಗಳ ದೊಡ್ಡ ಲೇಖನವನ್ನು ಅದರಲ್ಲೇ ಪ್ರಕಟಿಸಿದರು, 1937ರಲ್ಲಿ.

ಕೊಟ್ಟಿಗೆಹಾರ

ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಮೇಲೆ ಸಿಗುವುದು ಕೊಟ್ಟಿಗೆಹಾರ. ಬಸ್ಸು ನಿಲ್ಲುತ್ತದೆ, ಎಲ್ಲರೂ ಇಳಿದು ನೀರ್‌ದೋಸೆ ತಿನ್ನುತ್ತಾರೆ. ತೇಜಸ್ವಿ ಪ್ರತಿಷ್ಠಾನ ಅಲ್ಲೇ ಇರುವುದು. 1937ರಲ್ಲಿ ಅದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ; ಘಾಟಿಯ ಕೆಳಗಿನ ನಮ್ಮ ಊರುಗಳು ಮದ್ರಾಸ್ ಪ್ರಾಂತ್ಯ. ರಾಯರ ಲೇಖನದ ಹೊಸ ಕಪ್ಪೆಗಳಲ್ಲಿ ಒಂದಕ್ಕೆ ಈ ಊರಿನ ಹೆಸರೇ ಇದೆ, ಕೊಟ್ಟಿಗೆಹಾರೆನ್ಸಿಸ್. ಈಗ ಅದನ್ನು ಮೈಕ್ರಿಕ್ಸಾಲಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಅಂದರೆ ಕುಣಿಯುವ ಕಪ್ಪೆಗಳು.

ಇಸಿ ಬ್ರಾಂಚಿನವರು ಇಲ್ಲಿ ಸ್ವಲ್ಪ ಕಿವಿಗೊಡಿ. ಈ ಕಪ್ಪೆಗಳು ಇರುವುದು ಧುಮುಕುವ ತೊರೆಗಳ ಬಂಡೆಯ ಮೇಲೆ. ಗಂಡು ಕೂಗಿ ಹೆಣ್ಣನ್ನು ಕರೆಯಬೇಕು, ಆದರೆ ನೀರಿನ ಸದ್ದಿನಲ್ಲಿ ಕೂಗು ಮುಚ್ಚಿಹೋಗುತ್ತದೆ. ಸಿಗ್ನಲ್ ಟು ನಾಯ್ಸ್ ಕೆಟ್ಟುಹೋಗಿದೆ. ಹಾಗಾಗಿ ಅದು ಇನ್ನೊಂದು ಚಾನೆಲ್ ಹಿಡಿಯಿತು: ಹಿಂಗಾಲನ್ನು ಚಾಚಿ, ಬೆರಳುಗಳ ನಡುವಿನ ಪೊರೆ ಬಿಡಿಸಿ, ಬಾವುಟದ ಹಾಗೆ ಬೀಸುತ್ತದೆ. ಇದನ್ನು ಓದುವಾಗ ನನಗೆ ಅಂತರಶಿಸ್ತೀಯ ಎಂಬ ಶಬ್ದದ ಅರ್ಥ ಮೊದಲ ಸಲ ಹೊಳೆದದ್ದು. ಮೂರನೇ ಸೆಮಿಸ್ಟರಿನ ಪಾಠ ಚಾರ್ಮಾಡಿಯ ತೊರೆಯಲ್ಲಿ ಕಾಲು ಬೀಸುತ್ತಾ ಕೂತಿದೆ.

ಈಗ ವಿಷಯಕ್ಕೆ. ಹೊಸ ಪ್ರಭೇದಕ್ಕೆ ಹೆಸರಿಟ್ಟವರು ಅದರ ಮಾದರಿಯನ್ನು ಬಾಟಲಿಯಲ್ಲಿ ಕಾಪಾಡಿ ಇಡಬೇಕು, ಮುಂದೆ ಯಾರಿಗಾದರೂ ಸಂಶಯ ಬಂದರೆ ತೆಗೆದು ನೋಡಲಿಕ್ಕೆ. ರಾಯರ ಬಾಟಲಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಅವರ ನಂತರ ಕಳೆದುಹೋದವು. ಪೂರ್ತಿ. ಆಮೇಲೆ ಬಂದವರಿಗೆ 'ಯಾವ ಕಪ್ಪೆಯನ್ನು ಅವರು ಹೀಗೆ ಕರೆದದ್ದು?' ಎಂಬ ಪ್ರಶ್ನೆಗೆ ಉಳಿದ ಆಧಾರ ಆ 1937ರ ಪುಟಗಳು, ಅದರಲ್ಲಿ ಬರೆದ ಅಳತೆಗಳು, ಮತ್ತು ಒಂದು ಊರಿನ ಹೆಸರು. ಅಳತೆಯಲ್ಲಿ ಒಂದು ಸಾಲು ಜಾರಿದ್ದರೆ? ನಾನು ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಒಮ್ಮೆಗೇ 14 ಹೊಸ ಕುಣಿಯುವ ಕಪ್ಪೆಗಳನ್ನು ವಿವರಿಸಿದರು. ಲೋಕದ ಪೇಪರುಗಳಲ್ಲೆಲ್ಲ ಸುದ್ದಿ. ಅದು ಪ್ರಕಟವಾದದ್ದು ಎಲ್ಲಿ ಅಂದುಕೊಂಡಿರಿ? 'ಸಿಲೋನ್ ಜರ್ನಲ್ ಆಫ್ ಸೈನ್ಸ್'ನಲ್ಲಿ, ಶ್ರೀಲಂಕಾದ ಒಂದು ಸಣ್ಣ ಪತ್ರಿಕೆ. ಪತ್ರಿಕೆ ಸಣ್ಣದಾದರೆ ಕೆಲಸ ಸಣ್ಣದಾಗುವುದಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಪೊದೆಗಪ್ಪೆಗಳ ಒಂದು ಕುಲಕ್ಕೆ ನಾರಾಯಣ ರಾಯರ ನೆನಪಿಗೆ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟಿದ್ದರು.

ಎರಡು ಲೆಕ್ಕ

ಇನ್ನು ನಿಮ್ಮ ಇನ್‌ಬಾಕ್ಸ್‌ಗೆ ಬರುವ ಮೇಲಿನ ಪರೀಕ್ಷೆ. ಕ್ಯಾಲ್ಕುಲೇಟರ್ ಬೇಡ.

ಮೊದಲನೆಯದು ಐಎಸ್‌ಎಸ್‌ಎನ್. ಎಂಟು ಅಂಕಿ, ಕೊನೆಯದ್ದು ಚೆಕ್ ಡಿಜಿಟ್. 'ಕರೆಂಟ್ ಸೈನ್ಸ್'ದು 0011-3891. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8ರಿಂದ 2ರವರೆಗಿನ ಸಂಖ್ಯೆಗಳಿಂದ ಗುಣಿಸಿ ಕೂಡಿಸಿ:

0×8 + 0×7 + 1×6 + 1×5 + 3×4 + 8×3 + 9×2 = 65

65ನ್ನು 11ರಿಂದ ಭಾಗಿಸಿದರೆ ಶೇಷ 10. 11ರಿಂದ 10 ಕಳೆದರೆ 1. ಕೊನೆಯ ಅಂಕಿ 1, ತಾಳೆಯಾಯಿತು. ನಮ್ಮ ಪೇಪರ್ ಬಂದ ಜರ್ನಲ್ಲಿನ ಸಂಖ್ಯೆಗೂ ಹೀಗೆ ಮಾಡಿದೆ. ಅದೂ ತಾಳೆಯಾಯಿತು! ಅಲ್ಲೇ ಪಾಠ ಇರುವುದು. ಈ ಲೆಕ್ಕ ಸಂಖ್ಯೆಯನ್ನು ತಪ್ಪಾಗಿ ಟೈಪ್ ಮಾಡಿದರೆ ಹಿಡಿಯುತ್ತದೆ, ಅಷ್ಟೇ. ಐಎಸ್‌ಎಸ್‌ಎನ್ ಎಂದರೆ ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಡ್ರೈವರಿಗೆ ಲೈಸೆನ್ಸ್ ಉಂಟೋ ಇಲ್ಲವೋ ಅದು ಹೇಳುವುದಿಲ್ಲ.

ಎರಡನೆಯದು ಇಂಪ್ಯಾಕ್ಟ್ ಫ್ಯಾಕ್ಟರ್. 2025ರ ಫ್ಯಾಕ್ಟರ್ ಬೇಕಾದರೆ 2023 ಮತ್ತು 2024ರಲ್ಲಿ ಬಂದ ಲೇಖನಗಳನ್ನು 2025ರಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ನೋಡಿ, ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. ಸಂಪುಟ 1, ಸಂಚಿಕೆ 1ಕ್ಕೆ ಹಿಂದಿನ ಎರಡು ವರ್ಷ ಎಲ್ಲಿಂದ ಬರಬೇಕು? ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸಿ 6.8 ತಂದವರಿಗೆ ನಾವು ₹1,500 ಕೊಟ್ಟೆವು. ನಾಲ್ಕು ಇಂಜಿನಿಯರುಗಳು.

ನಾವೊಬ್ಬರೇ ಬಿದ್ದದ್ದಲ್ಲ ಅಂತ ಸಮಾಧಾನ ಬೇಕಾದರೆ 2013ರ ಒಂದು ಪ್ರಯೋಗ ಉಂಟು. ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಔಷಧಿಯ ಲೇಖನ ಬರೆದು 304 ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು. ಒಪ್ಪಿದವುಗಳಲ್ಲಿ ಭಾರತದ ವಿಳಾಸದವು ಬಹಳ ಇದ್ದವು. ಯುಜಿಸಿ ಒಳ್ಳೆಯ ಪತ್ರಿಕೆಗಳ 'ಕೇರ್' ಪಟ್ಟಿ ಮಾಡಿತು, 2025ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ಈಗ ಪಟ್ಟಿ ನೋಡಿ ಟಿಕ್ ಹಾಕುವ ಕಾಲವೂ ಹೋಯಿತು, ನಾವೇ ನೋಡಬೇಕು.

ಎಂತ ನೋಡಬೇಕು? ದುಡ್ಡು ಕೇಳಿದ ಮಾತ್ರಕ್ಕೆ ಕೆಟ್ಟದ್ದಲ್ಲ, ಒಳ್ಳೆಯ ಓಪನ್ ಆಕ್ಸೆಸ್ ಪತ್ರಿಕೆಗಳೂ ಕೇಳುತ್ತವೆ. ಹೊಸತಾದ ಮಾತ್ರಕ್ಕೂ ಕೆಟ್ಟದ್ದಲ್ಲ, ಎಲ್ಲದಕ್ಕೂ ಒಂದು ಮೊದಲ ಸಂಚಿಕೆ ಇರುತ್ತದೆ. ನಾನು ಈಗ ಮಾಡುವುದು ಇಷ್ಟು: ಸಂಪಾದಕ ಮಂಡಳಿಯಲ್ಲಿ ಒಬ್ಬರ ಹೆಸರು ಹಿಡಿದು, ಅವರ ಕಾಲೇಜಿನ ವೆಬ್‌ಸೈಟಿನಿಂದ ಮೇಲ್ ವಿಳಾಸ ತೆಗೆದು, 'ನೀವು ಈ ಪತ್ರಿಕೆಯಲ್ಲಿ ಇದ್ದೀರಾ?' ಅಂತ ಕೇಳುವುದು. ನಮ್ಮ ಜರ್ನಲ್ಲಿನ ಮೂವರಿಗೆ ತಡವಾಗಿ ಬರೆದೆ. ಒಬ್ಬರು ಉತ್ತರ ಕೊಟ್ಟರು: ತಮ್ಮ ಹೆಸರು ಅಲ್ಲಿರುವುದು ತಮಗೆ ಗೊತ್ತೇ ಇಲ್ಲ. ಆಮೇಲೆ ಹಳೆಯ ಸಂಚಿಕೆಗಳಲ್ಲಿ ಒಂದಾದರೂ ತಿದ್ದುಪಡಿ ಬಂದಿದೆಯಾ ನೋಡುವುದು. ತಪ್ಪೇ ಮಾಡದ ಪತ್ರಿಕೆ ಅಂದರೆ ಯಾರೂ ಓದದ ಪತ್ರಿಕೆ. 'ಕರೆಂಟ್ ಸೈನ್ಸ್'ನ 1932ರಿಂದೀಚಿನ ಸಂಚಿಕೆಗಳು ನೆಟ್‌ನಲ್ಲಿ ಉಚಿತವಾಗಿ ಉಂಟು. ಒಂದು ಸಂಜೆ ಪತ್ರಗಳ ಪುಟ ತೆರೆದು ನೋಡಿ, ಜನ ಹೇಗೆ ಒಬ್ಬರನ್ನೊಬ್ಬರು ಮರ್ಯಾದೆಯಿಂದ ತಿದ್ದುತ್ತಾರೆ ಅಂತ.

ನಮ್ಮ ಟೇಬಲ್ 3ರ ತಿದ್ದುಪಡಿಗೆ ಆ ಜರ್ನಲ್ಲಿಗೆ ಮೂರು ಸಲ ಬರೆದೆ. ಮೊದಲ ಮೇಲಿಗೆ ಉತ್ತರ ಬಂತು: ಸಂಪುಟ 2ಕ್ಕೆ ಲೇಖನ ಕಳಿಸಿ, ಹಳೆಯ ಲೇಖಕರಿಗೆ 20 ಶೇಕಡಾ ರಿಯಾಯಿತಿ. ಉಳಿದೆರಡಕ್ಕೆ ಉತ್ತರ ಇಲ್ಲ. ಪೇಪರ್ ಈಗಲೂ ಅಲ್ಲೇ ಉಂಟು, ಖಾಲಿ ಖಾನೆ ಸಮೇತ. ಸರ್ಚ್ ಮಾಡಿದರೆ ಮೊದಲ ಪುಟದಲ್ಲೇ ಸಿಗುತ್ತದೆ. ಆ ಹುಡುಗನ ಮನೆಗೆ ನಾವು ನಾಲ್ವರು ಹೋಗಿ ಅಜ್ಜನ ಹತ್ತಿರ ಮಾತಾಡಿ ಬಂದೆವು. ಅಜ್ಜ ಬೈಯಲಿಲ್ಲ. ಅಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರೆ ಗೊತ್ತಾಗುತ್ತದೆ, ಮೀಟರ್ ಯಾಕೆ, ಅಂತ ಕೇಳಿದರು. ಸರಿಯಾದ ಟೇಬಲ್ಲನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ನಾಲ್ವರೂ ಸಹಿ ಹಾಕಿ, ಡಿಪಾರ್ಟ್‌ಮೆಂಟ್ ಲೈಬ್ರರಿಯ ನಮ್ಮ ಪ್ರಾಜೆಕ್ಟ್ ರಿಪೋರ್ಟಿನ 41ನೇ ಪುಟಕ್ಕೆ ಅಂಟಿಸಿದ್ದೇವೆ. ತೇವಾಂಶದ ಮೇಲೆ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಅದನ್ನು ನೋಡಿ, ನೆಟ್‌ನಲ್ಲಿರುವುದನ್ನಲ್ಲ.